ನಾನು ಬರೆದ ಚಿತ್ರ ಕೊನೆಗೆ ಯಾರಿಗೂ ಕಾಣಲ್ಲ: ನೀಡಲ್‌ಪಾಯಿಂಟ್ ಕ್ಯಾನ್ವಾಸ್ ಮತ್ತು ಅವ್ವನ ಕಸೂತಿ

ಬಸ್ಸಲ್ಲಿ, ಮೆಟ್ರೋದಲ್ಲಿ, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಾ ಇದ್ರೂ ಸರಿ, ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ. ಇವತ್ತು ನಾನು ಮಾಡೋ ಕೆಲಸದ ಬಗ್ಗೆ ಮಾತಾಡ್ತೀನಿ. ಕೆಲಸದ ಹೆಸರು ಹೇಳಿದ ಕೂಡಲೇ ಜನ ಎರಡನೇ ಸಲ ಕೇಳ್ತಾರೆ, ಹಾಗಾಗಿ ನಿಧಾನವಾಗಿ ಹೇಳ್ತೀನಿ. ನಾನು ನೀಡಲ್‌ಪಾಯಿಂಟ್ ಕ್ಯಾನ್ವಾಸ್‌ಗಳಿಗೆ ಕೈಯಿಂದ ಬಣ್ಣ ಹಾಕ್ತೀನಿ. ಆ ಬಣ್ಣದ ಮೇಲೆ ಬೇರೆ ಯಾರೋ ದಾರದಿಂದ ಹೊಲೀತಾರೆ. ಅವರು ಹೊಲಿದು ಮುಗಿಸಿದಾಗ ನನ್ನ ಬಣ್ಣ ಒಂದು ಚೂರೂ ಕಾಣಬಾರದು. ಕಂಡರೆ ಯಾರದ್ದೋ ಕೆಲಸ ಸರಿಯಾಗಿಲ್ಲ ಅಂತ ಅರ್ಥ.

ನಾನು ಮೊದಲ ಕ್ಯಾನ್ವಾಸ್ ಮಾಡಿದಾಗ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ. ನಾನಿರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಅವ್ವ ಇರೋದು ಧಾರವಾಡದಲ್ಲಿ. ಅವ್ವ ಕನ್ನಡಕ ಸರಿಮಾಡಿಕೊಂಡು ಒಂದು ನಿಮಿಷ ನೋಡಿದಳು. ಆಮೇಲೆ ಹೇಳಿದ ಮೊದಲ ಮಾತು: "ಹಿಂದಿನ ಮಗ್ಗಲು ತೋರ್ಸು."

ನಾನು ತಿರುಗಿಸಿ ತೋರಿಸಿದೆ. ಹಿಂದೆ ಏನಿರುತ್ತೆ? ಬರೀ ಬಿಳಿ ಜಾಳಿಗೆ. "ಅವ್ವಾ, ಇದಿನ್ನೂ ಹೊಲಿದಿಲ್ಲ, ಬರೀ ಬಣ್ಣ" ಅಂದೆ. "ಹಂಗಾದ್ರ ನನಗ್ಯಾಕ ತೋರ್ಸಾಕತ್ತೀ? ಹೊಲಿದ ಮ್ಯಾಲ ತೋರ್ಸು" ಅಂದು ಫೋನು ಅಪ್ಪನ ಕೈಗೆ ಕೊಟ್ಟಳು.

ಅವ್ವನಿಗೆ ಯಾಕೆ ಹಿಂದಿನ ಮಗ್ಗಲು ಬೇಕಿತ್ತು ಅನ್ನೋದನ್ನ ಹೇಳ್ತೀನಿ. ಅದಕ್ಕೂ ಮೊದಲು ನೀಡಲ್‌ಪಾಯಿಂಟ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು.

ಸೊಳ್ಳೆ ಪರದೆ ನೋಡಿದ್ದೀರಲ್ಲ? ಅದನ್ನ ದಪ್ಪ ಹತ್ತಿ ನೂಲಿನಿಂದ, ಗಟ್ಟಿಯಾಗಿ, ಗಂಜಿ ಹಾಕಿ ನೇಯ್ದರೆ ಹೇಗಿರುತ್ತೋ ಹಾಗಿರುತ್ತೆ ಈ ಕ್ಯಾನ್ವಾಸ್. ಉದ್ದ ಎಳೆ, ಅಡ್ಡ ಎಳೆ, ನಡುವೆ ತೂತು. ಒಂದು ಇಂಚಿಗೆ ಎಷ್ಟು ಎಳೆ ಅನ್ನೋದರ ಮೇಲೆ ಅದರ ನಂಬರ್. 10, 13, 18 ಹೆಚ್ಚು ಬಳಕೆಯಲ್ಲಿರೋದು. ಈ ಎಳೆಗಳು ಒಂದನ್ನೊಂದು ದಾಟೋ ಜಾಗ ಇದೆಯಲ್ಲ, ಪ್ರತಿಯೊಂದು ದಾಟಿನ ಮೇಲೂ ಒಂದು ಓರೆ ಹೊಲಿಗೆ. ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ. ಅಷ್ಟೇ. ಅದಕ್ಕೆ ಟೆಂಟ್ ಸ್ಟಿಚ್ ಅಂತಾರೆ. ಇಡೀ ಕ್ಯಾನ್ವಾಸ್ ಮುಚ್ಚೋವರೆಗೂ ಅದನ್ನೇ ಹಾಕ್ತಾ ಹೋಗ್ಬೇಕು. ನಿಮಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ಪ್ರತಿ ಹೊಲಿಗೆ ಒಂದು ಪಿಕ್ಸೆಲ್.

ಲೆಕ್ಕ ನೋಡಿ. 18ರ ಕ್ಯಾನ್ವಾಸ್‌ನಲ್ಲಿ ಒಂದು ಚದರ ಇಂಚಿಗೆ 18ರ ಮೇಲೆ 18, ಅಂದ್ರೆ 324 ಹೊಲಿಗೆ. ಕ್ರಿಸ್‌ಮಸ್ ಮರಕ್ಕೆ ತೂಗುಹಾಕೋ 4 ಇಂಚು ಅಗಲದ ದುಂಡನೆ ಚಿತ್ರ ಅಂದ್ರೆ ಸುಮಾರು 4,000 ಹೊಲಿಗೆ. ನನ್ನ ಕೈಗೆ ಒಂದು ಚದರ ಇಂಚಿಗೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಅಂಗೈಯಗಲದ ಚಿತ್ರಕ್ಕೆ ಹನ್ನೆರಡು ಹದಿಮೂರು ಗಂಟೆ.

ಇದು ಹೊಸ ಹುಚ್ಚೇನಲ್ಲ. ಸ್ಕಾಟ್ಲೆಂಡ್ ರಾಣಿ ಮೇರಿ ಇಂಗ್ಲೆಂಡಿನಲ್ಲಿ 19 ವರ್ಷ ಸೆರೆಯಲ್ಲಿದ್ದಳು, 1587ರಲ್ಲಿ ಅವಳ ತಲೆ ತೆಗೆದರು. ಆ ಸೆರೆಯ ದಿನಗಳಲ್ಲಿ ಅವಳು ಕೂತು ಇಂಥದ್ದೇ ಹೊಲಿಗೆ ಹಾಕಿದ್ದಳು. ಅವಳೂ, ಅವಳನ್ನ ಕಾಯೋ ಮನೆಯ ಯಜಮಾನಿ ಬೆಸ್ ಆಫ್ ಹಾರ್ಡ್‌ವಿಕ್ ಕೂಡ ಸೇರಿ ಮಾಡಿದ ಹೊಲಿಗೆಗಳು ಇವತ್ತಿಗೂ ಇವೆ, ಆಕ್ಸ್‌ಬರ್ಗ್ ಹ್ಯಾಂಗಿಂಗ್ಸ್ ಅಂತ ಹೆಸರು. ಆಮೇಲೆ 19ನೇ ಶತಮಾನದಲ್ಲಿ ಜರ್ಮನಿಯ ಬರ್ಲಿನ್‌ನಿಂದ ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ನಮೂನೆಗಳು ಯುರೋಪ್, ಅಮೆರಿಕಕ್ಕೆಲ್ಲ ಹೋದವು. ಆ ಕಾಗದ ನೋಡಿ ಎಣಿಸಿ ಹೊಲೀತಿದ್ದರು. ಎಣಿಸೋ ಕಷ್ಟ ತಪ್ಪಿಸೋಕೆ ಬಣ್ಣವನ್ನ ನೇರವಾಗಿ ಕ್ಯಾನ್ವಾಸ್ ಮೇಲೇ ಹಾಕಿ ಕೊಡೋದು ನನ್ನಂಥವರ ಕೆಲಸ.

ಈಗ ಧಾರವಾಡಕ್ಕೆ ಬರೋಣ.

ನಮ್ಮ ಮನೆಯಲ್ಲಿ ಅವ್ವ ಕಸೂತಿ ಹಾಕ್ತಿದ್ದಳು. ಹವ್ಯಾಸಕ್ಕಲ್ಲ. ಒಂದು ಅಂಗಡಿಯವರು ಇಳಕಲ್ ಸೀರೆ, ದಾರ ತಂದು ಕೊಡೋರು, ಸೆರಗಿಗೆ ಕಸೂತಿ ಹಾಕಿ ವಾಪಸ್ ಕೊಡಬೇಕು. ಸೀರೆ ಲೆಕ್ಕದಲ್ಲಿ ಕೂಲಿ. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟು, ಬಾಗಿಲ ಹತ್ತಿರ ಬೆಳಕು ಬೀಳೋ ಕಡೆ ಚಾಪೆ ಹಾಸಿ ಕೂತರೆ, ನಾನು ಸ್ಕೂಲಿಂದ ಬರೋವರೆಗೆ ಅಲ್ಲೇ ಇರ್ತಿದ್ದಳು. ಸೂಜಿಗೆ ದಾರ ಪೋಣಿಸೋದು ನನ್ನ ಕೆಲಸ. ಐದಾರು ಸೂಜಿಗೆ ಪೋಣಿಸಿ ಗೋಡೆಯ ಕ್ಯಾಲೆಂಡರ್‌ಗೆ ಚುಚ್ಚಿಟ್ಟು ಆಡೋಕೆ ಓಡ್ತಿದ್ದೆ.

ಕಸೂತಿಯಲ್ಲಿ ಬಟ್ಟೆ ಮೇಲೆ ಏನೂ ಬರೆಯೋ ಹಾಗಿಲ್ಲ. ಪೆನ್ಸಿಲ್ ಇಲ್ಲ, ಛಾಪು ಇಲ್ಲ. ಸೀರೆಯ ಎಳೆಗಳನ್ನೇ ಕಣ್ಣಲ್ಲಿ ಎಣಿಸಿ ಹಾಕ್ಬೇಕು. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ, ಎಲ್ಲವೂ ತಲೆಯಲ್ಲೇ ಇರುತ್ತೆ. ನಾಲ್ಕು ಥರದ ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬ್ತಾ ಬರೋದು. ಮುರಗಿಯೂ ಅದೇ ಕ್ರಮ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತೆ. ನೇಗಿ ನೇಯ್ದ ಹಾಗೆ ಕಾಣುತ್ತೆ. ಮೆಂತಿ ಅಂದ್ರೆ ಮೆಂತ್ಯ ಕಾಳಿನ ಹಾಗೆ, ಒಂದರ ಮೇಲೊಂದು ಅಡ್ಡ ಬೀಳೋ ಹೊಲಿಗೆ. ಎಲ್ಲಿಯೂ ಗಂಟು ಹಾಕಬಾರದು. ಗವಂತಿ, ಮುರಗಿಯಲ್ಲಿ ಮುಂದೆ ಹೇಗಿರುತ್ತೋ ಹಿಂದೆಯೂ ಹಾಗೇ ಇರಬೇಕು.

ಅಂಗಡಿಯವರು ಸೀರೆ ವಾಪಸ್ ಇಸ್ಕೊಳ್ಳುವಾಗ ಮೊದಲು ತಿರುಗಿಸಿ ನೋಡ್ತಿದ್ದರು. ಹಿಂದೆ ಗಂಟು ಕಂಡ್ರೆ ಕೂಲಿ ಕಡಿಮೆ. ಅದಕ್ಕೇ ಅವ್ವ ಹೊಲಿಗೆ ಅಂತ ಏನೇ ನೋಡಿದರೂ ಮೊದಲು ತಿರುಗಿಸ್ತಾಳೆ. ನನ್ನ ಮದುವೆಯಲ್ಲಿ ಬೀಗರು ತಂದ ಸೀರೆಯನ್ನೂ ತಿರುಗಿಸಿ ನೋಡಿದ್ದಳು. ಆ ಕಥೆ ಇನ್ನೊಂದು ದಿನ.

ನಾನು ನ್ಯೂಜೆರ್ಸಿಗೆ ಹೋಗಿದ್ದು 2013ರಲ್ಲಿ. ಗಂಡನಿಗೆ ಕೆಲಸದ ವೀಸಾ, ನನಗೆ ಎಚ್-4. ಕೇಳ್ತಾ ಇರೋ ಕೆಲವರಿಗೆ ಗೊತ್ತಿರುತ್ತೆ, ಆಗ ಎಚ್-4 ಅಂದ್ರೆ ಒಂದು ಡಾಲರ್ ಕೂಡ ದುಡಿಯೋ ಹಾಗಿರಲಿಲ್ಲ. ಬಿ.ಕಾಂ. ಓದಿ ಹುಬ್ಬಳ್ಳಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಇಲ್ಲಿ ಬೆಳಗ್ಗೆ ಎಂಟಕ್ಕೆ ಅವರು ಹೊರಟರೆ ಸಂಜೆವರೆಗೂ ಮನೆ, ಕಿಟಕಿ, ಹಿಮ. ಊರಿನ ಲೈಬ್ರರಿಯಲ್ಲಿ ಬುಧವಾರ ಹೊಲಿಗೆಯ ಗುಂಪು ಸೇರುತ್ತೆ ಅಂತ ಬೋರ್ಡ್ ನೋಡಿ ಒಳಗೆ ಹೋದೆ. ಎಂಟು ಜನ ಹೆಂಗಸರು, ನಾನೊಬ್ಬಳು ಬಿಟ್ಟರೆ ಉಳಿದೋರೆಲ್ಲ ಅರವತ್ತು ದಾಟಿದೋರು.

ಅವರ ಕೈಯಲ್ಲಿದ್ದ ಕ್ಯಾನ್ವಾಸ್ ನೋಡಿದ ಕೂಡಲೇ ನನಗೆ ಅನ್ನಿಸಿದ್ದು, ಇದರಲ್ಲಿ ಎಣಿಸೋದೇ ಇಲ್ವಲ್ಲ! ಬಣ್ಣ ಹಾಕಿಟ್ಟಿದ್ದಾರೆ, ಅದೇ ಬಣ್ಣದ ದಾರ ಹಾಕ್ತಾ ಹೋದರೆ ಆಯ್ತು. ಆಮೇಲೆ ಇನ್ನೊಂದು ವಿಷಯ ಗೊತ್ತಾಯ್ತು. ಆ ಬಣ್ಣ ಹಾಕಿದ ಕ್ಯಾನ್ವಾಸ್ ಅವರು ದುಡ್ಡು ಕೊಟ್ಟು ತಂದಿರೋದು. ಚಿಕ್ಕದಕ್ಕೇ 50, 60 ಡಾಲರ್. ದಾರಕ್ಕೆ ಬೇರೆ. ಹೊಲಿದ ಮೇಲೆ ಅದನ್ನ ದಿಂಬೋ ತೂಗುಬೊಂಬೆಯೋ ಮಾಡಿಸೋಕೆ ಇನ್ನೊಬ್ಬರಿಗೆ ಕೊಡ್ತಾರೆ, ಅದಕ್ಕೆ ಮತ್ತೆ ದುಡ್ಡು, ತಿಂಗಳುಗಟ್ಟಲೆ ಕಾಯೋದು. ಕೊನೆಗೆ ಅದನ್ನ ಮಾರೋದಿಲ್ಲ. ಮೊಮ್ಮಗಳಿಗೆ ಕೊಡ್ತಾರೆ.

ಇದನ್ನ ಅವ್ವನಿಗೆ ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. "ರೊಕ್ಕಾ ಕೊಟ್ಟು ಕೆಲಸ ತಗೋತಾರೇನು?" ಅಂದಳು. ಹೌದು ಅಂದೆ. "ರೊಕ್ಕಾ ಅವರ ಕೊಡ್ತಾರ, ಹೊಲಿಯೂದೂ ಅವರ?" ಹೌದು ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಣ್ಯಾ ಮಾಡ್ಯಾರ ಬಿಡವ್ವಾ" ಅಂದಳು.

ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಎರಡೂ ಕಡೆ ಹೆಂಗಸರೇ. ಎರಡೂ ಕಡೆ ಸೂಜಿ, ಎಳೆ, ಕತ್ತು ನೋವು, ಕಣ್ಣುರಿ. ಒಬ್ಬರು ಮನಸ್ಸಿಗೆ ಸಮಾಧಾನ ಸಿಗುತ್ತೆ ಅಂತ ದುಡ್ಡು ಕೊಟ್ಟು ಹೊಲೀತಾರೆ. ಇನ್ನೊಬ್ಬರು ಗ್ಯಾಸ್ ಸಿಲಿಂಡರ್‌ಗೆ ದುಡ್ಡು ಬೇಕು ಅಂತ ಹೊಲೀತಾರೆ.

2015ರ ಮೇ ತಿಂಗಳಲ್ಲಿ ಅಲ್ಲಿನ ನಿಯಮ ಬದಲಾಯ್ತು. ಗ್ರೀನ್ ಕಾರ್ಡ್ ದಾರಿಯಲ್ಲಿ ಒಂದು ಹಂತ ದಾಟಿದವರ ಗಂಡ ಅಥವಾ ಹೆಂಡತಿ ಎಚ್-4ರಲ್ಲಿದ್ದರೂ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು ಅಂತ. ನನ್ನ ಕಾರ್ಡ್ ಕೈಗೆ ಬಂದಿದ್ದು 2016ರಲ್ಲಿ. ಆಗಲೇ ನಿರ್ಧಾರ ಮಾಡಿದ್ದೆ, ಲೆಕ್ಕಪತ್ರದ ಕೆಲಸಕ್ಕೆ ಹೋಗೋದಿಲ್ಲ, ಕ್ಯಾನ್ವಾಸ್ ಮಾಡ್ತೀನಿ. ಅವ್ವನ ಗೋಪುರ, ಆನೆ, ತೇರು ಎಲ್ಲ ನನ್ನ ತಲೆಯಲ್ಲಿದೆ. ಇವರ ಕ್ಯಾನ್ವಾಸ್‌ಗಳಲ್ಲಿ ನೋಡಿದರೆ ಬರೀ ಹೂವಿನ ಕುಂಡ, ನಾಯಿಮರಿ, ಸಾಂತಾಕ್ಲಾಸ್. ನನಗೇನು ಕಷ್ಟ ಅಂದ್ಕೊಂಡೆ.

ಕಷ್ಟ ಏನು ಅಂತ 2018ರಲ್ಲಿ ಗೊತ್ತಾಯ್ತು.

ಒಂದು ಅಂಗಡಿಯವರು ನನ್ನ ಗೋಪುರದ ಚಿತ್ರ ಮೆಚ್ಚಿ 12 ಕ್ಯಾನ್ವಾಸ್‌ಗೆ ಆರ್ಡರ್ ಕೊಟ್ಟರು. ನನ್ನ ಮೊದಲ ಆರ್ಡರ್. ರಾತ್ರಿ ಎರಡು ಗಂಟೆವರೆಗೆ ಕೂತು ಬಣ್ಣ ಹಾಕಿ ಕಳಿಸಿದೆ. ಒಂದೂವರೆ ತಿಂಗಳಾದ ಮೇಲೆ ಫೋನ್ ಬಂತು. ಹೊಲಿಯೋಕೆ ಶುರು ಮಾಡಿದ ಮೂರು ಜನ ಗಿರಾಕಿಗಳು ವಾಪಸ್ ತಂದಿದ್ದರು. ಉಳಿದದ್ದನ್ನೂ ಕಳಿಸ್ತೀವಿ ಅಂದರು. ದುಡ್ಡು ವಾಪಸ್ ಕೊಟ್ಟೆ.

ಎರಡು ತಪ್ಪಾಗಿತ್ತು, ಎರಡೂ ನಂದೇ. ಮೊದಲನೆಯದು, ನಾನು ಗೆರೆಗಳನ್ನ ಕಾಗದದ ಮೇಲೆ ಬರೆದ ಹಾಗೆ ಬರೆದಿದ್ದೆ. ಗೆರೆ ಅರ್ಧ ಈ ದಾಟಿನ ಮೇಲೆ, ಅರ್ಧ ಪಕ್ಕದ ದಾಟಿನ ಮೇಲೆ ಬಿದ್ದಿತ್ತು. ಹೊಲಿಯೋರಿಗೆ ಇಲ್ಲಿ ಕೆಂಪು ಹಾಕ್ಬೇಕೋ ಕಪ್ಪು ಹಾಕ್ಬೇಕೋ ಗೊತ್ತಾಗಲ್ಲ. ಬೆಲೆ ಕೊಟ್ಟು ತಂದಿದ್ದೇ ಆ ಊಹೆ ಮಾಡೋ ಕಷ್ಟ ತಪ್ಪಲಿ ಅಂತ. ಒಳ್ಳೆ ಕ್ಯಾನ್ವಾಸ್‌ನಲ್ಲಿ ಪ್ರತಿ ದಾಟಿಗೂ ಒಂದೇ ಬಣ್ಣ ಇರಬೇಕು. ಚೌಕಾಬಾರದ ಕಾಯಿ ಮನೆಯೊಳಗೇ ಕೂರ್ಬೇಕು, ಗೆರೆ ಮೇಲೆ ಕೂರಬಾರದು, ಹಾಗೆ.

ಎರಡನೆಯ ತಪ್ಪು ಇನ್ನೂ ಆಳದ್ದು. ಕಸೂತಿಯಲ್ಲಿ ಗೆರೆಯೇ ಹೊಲಿಗೆ. ಎಳೆಯ ಜೊತೆ ನೇರ ಹೋಗುತ್ತೆ, ಎಡಕ್ಕೂ ಬಲಕ್ಕೂ ಒಂದೇ ಥರ. ಟೆಂಟ್ ಸ್ಟಿಚ್‌ನಲ್ಲಿ ಪ್ರತಿ ಹೊಲಿಗೆ ಒಂದೇ ಕಡೆ ವಾಲಿರುತ್ತೆ, ಬಲಕ್ಕೆ ಮೇಲೆ. ಈಗ ಗೋಪುರ ಯೋಚಿಸಿ. ಎಡಗಡೆಯ ಇಳಿಜಾರು ಕೆಳಗಿಂದ ಬಲಕ್ಕೆ ಹತ್ತುತ್ತೆ. ಹೊಲಿಗೆಗಳೂ ಅದೇ ದಿಕ್ಕಿಗೆ ವಾಲಿರೋದರಿಂದ ಒಂದರ ತುದಿಗೆ ಇನ್ನೊಂದು ಸೇರಿ ನುಣುಪಾದ, ತೆಳುವಾದ ಗೆರೆ ಬರುತ್ತೆ. ಬಲಗಡೆಯ ಇಳಿಜಾರು ಉಲ್ಟಾ ದಿಕ್ಕು. ಅಲ್ಲಿ ಪ್ರತಿ ಹೊಲಿಗೆ ಗೆರೆಗೆ ಅಡ್ಡ ನಿಲ್ಲುತ್ತೆ. ಹಲ್ಲು ಹಲ್ಲಾಗಿ, ಬಿಡಿಬಿಡಿಯಾಗಿ ಕಾಣುತ್ತೆ. ಅಂದ್ರೆ ಬಣ್ಣದಲ್ಲಿ ಎರಡೂ ಕಡೆ ಸಮ ಇದ್ದ ಗೋಪುರ, ಹೊಲಿದ ಮೇಲೆ ಒಂದು ಕಡೆ ಚಾಕುವಿನಲ್ಲಿ ಕೊಯ್ದ ಹಾಗೆ, ಇನ್ನೊಂದು ಕಡೆ ಇಲಿ ಕಡಿದ ಹಾಗೆ.

ಇದು ನನಗೆ ಮುಂಚೆ ಯಾಕೆ ಗೊತ್ತಾಗಲಿಲ್ಲ? ಯಾಕಂದ್ರೆ ನಾನು ಒಂದನ್ನೂ ಹೊಲಿದು ನೋಡಿರಲಿಲ್ಲ. ಬಣ್ಣ ಹಾಕಿ, ಫೋಟೋ ತೆಗೆದು, ಇನ್‌ಸ್ಟಾಗ್ರಾಮ್‌ಗೆ ಹಾಕಿ, ಮಾರಿಬಿಟ್ಟಿದ್ದೆ. ಅವ್ವ ಹೇಳಿದ್ದಳಲ್ಲ, ಹೊಲಿದ ಮೇಲೆ ತೋರಿಸು ಅಂತ.

ಆ ಸಲ ಒಂದು ಕ್ಯಾನ್ವಾಸ್ ಹೊಲಿದು ಮುಗಿಸಿ ಅವ್ವನಿಗೆ ಫೋಟೋ ಕಳಿಸಿದೆ, ಮುಂದೆ, ಹಿಂದೆ ಎರಡೂ. ಅವಳು ನೋಡಿ ಹೇಳಿದ್ದು ಇಷ್ಟು: "ಗೆರಿ ಬಿಡು. ಮನಿ ತುಂಬು." ಗೆರೆ ಎಳೆಯೋ ಹೊಲಿಗೆ ಅಲ್ಲ ಇದು, ತುಂಬೋ ಹೊಲಿಗೆ. ಹಾಗಾಗಿ ಗೋಪುರದ ಹೊರಗೆರೆ ಬಿಟ್ಟು, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ತುಂಬು ಅಂತ. ಇಳಿಜಾರು ಬೇಡ, ಎರಡು ಮನೆ ಅಡ್ಡ, ಎರಡು ಮನೆ ಮೇಲೆ. ಮೆಟ್ಟಿಲಿಗೆ ಎಡ ಬಲ ಭೇದ ಅಷ್ಟಾಗಿ ಕಾಣಲ್ಲ. ಹಿಂದೆ ಚಂದ್ರಕಾಳಿ ಸೀರೆಯ ಕಪ್ಪು, ಅದರ ಮೇಲೆ ಕೆಂಪು, ಹಸಿರು, ನೇರಳೆ, ಬಿಳಿ.

ಅಲ್ಲಿಂದ ನನ್ನ ಕೆಲಸದ ಕ್ರಮವೇ ಬದಲಾಯ್ತು. ಈಗ ಹೇಗೆ ಮಾಡ್ತೀನಿ ಅಂತ ಹೇಳ್ತೀನಿ, ಮಾಡೋ ಆಸೆ ಇರೋರಿಗೆ ಉಪಯೋಗ ಆಗಬಹುದು.

ಮೊದಲು ಗ್ರಾಫ್ ಹಾಳೆಯಲ್ಲಿ ಮನೆ ಎಣಿಸಿ ಚಿತ್ರ. ನಡುವಿನ ಸಾಲು ಯಾವುದು ಅಂತ ಮೊದಲೇ ಗುರುತು. ಆಮೇಲೆ ಕ್ಯಾನ್ವಾಸ್ ಕತ್ತರಿಸೋದು, ಚಿತ್ರದ ಸುತ್ತ ಎರಡು ಇಂಚು ಜಾಗ ಬಿಟ್ಟು. ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತ ಕಾಗದದ ಟೇಪ್. ಬಣ್ಣ ಅಕ್ರಿಲಿಕ್ಕೇ ಆಗಬೇಕು. ಯಾಕಂದ್ರೆ ಓರೆ ಹೊಲಿಗೆ ಹಾಕ್ತಾ ಹಾಕ್ತಾ ಕ್ಯಾನ್ವಾಸ್ ಸೊಟ್ಟ ಆಗುತ್ತೆ, ಹೊಲಿದ ಮೇಲೆ ಅದನ್ನ ಒದ್ದೆ ಮಾಡಿ, ಹಲಗೆ ಮೇಲೆ ಎಳೆದು ಪಿನ್ ಹೊಡೆದು, ಚೌಕಕ್ಕೆ ತಂದು ಒಣಗಿಸ್ತಾರೆ. ಆಗ ಬಣ್ಣವೋ ಶಾಯಿಯೋ ಬಿಟ್ಟರೆ ಹೊಲಿದವರ ಹದಿಮೂರು ಗಂಟೆ ನೀರಲ್ಲಿ ಹೋಮ. ಹಾಗಾಗಿ ಪ್ರತಿ ಹೊಸ ಬಣ್ಣವನ್ನೂ ಒಂದು ಚೂರಿಗೆ ಹಚ್ಚಿ, ಒಣಗಿಸಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡ್ತೀನಿ.

ಬಣ್ಣ ತೆಳುವಾಗಿರಬೇಕು, ಇಲ್ಲಾಂದ್ರೆ ತೂತು ಮುಚ್ಚಿಹೋಗಿ ಸೂಜಿ ಹೋಗಲ್ಲ. ತೀರಾ ತೆಳುವಾದರೂ ಕಷ್ಟ. ಕಪ್ಪು ದಾರದ ಸಂದಿಯಿಂದ ಬಿಳಿ ಕ್ಯಾನ್ವಾಸ್ ಇಣುಕಿ ನೋಡುತ್ತೆ. ಇನ್ನೊಂದು, ಮನಸ್ಸಿಗೆ ಬಂದ ಬಣ್ಣ ಬೆರೆಸೋ ಹಾಗಿಲ್ಲ. ದಾರದ ಕಂಪನಿಗಳ ಬಣ್ಣದ ಚೀಟಿ ಎದುರಿಗೆ ಇಟ್ಟುಕೊಂಡು, ಆ ದಾರ ಸಿಗುತ್ತೆ ಅಂತ ಖಾತ್ರಿ ಮಾಡಿಕೊಂಡು ಬೆರೆಸ್ಬೇಕು. ಸಿಗದ ನೀಲಿಯನ್ನ ಬರೆದುಕೊಟ್ಟರೆ ಹೊಲಿಯೋರು ಎಲ್ಲಿಂದ ತರ್ತಾರೆ?

ಮತ್ತೆ, ಒಂದು ನಮೂನೆಯನ್ನ ನಾನೇ ಪೂರ್ತಿ ಹೊಲಿದು ನೋಡದೆ ಮಾರೋದಿಲ್ಲ. ಹೊಲಿದು, ತಿರುಗಿಸಿ, ಅವ್ವನಿಗೆ ಫೋಟೋ. ಹಿನ್ನೆಲೆ ತುಂಬೋಕೆ ಬ್ಯಾಸ್ಕೆಟ್‌ವೀವ್ ಅಂತ ಒಂದು ಕ್ರಮ ಇದೆ. ಸಾಲು ಅಡ್ಡಡ್ಡ ಹೋಗದೆ ಮೂಲೆಯಿಂದ ಮೂಲೆಗೆ ಹೋಗುತ್ತೆ. ಕ್ಯಾನ್ವಾಸ್ ಕಡಿಮೆ ಸೊಟ್ಟ ಆಗುತ್ತೆ, ಹಿಂದೆ ಬುಟ್ಟಿ ಹೆಣೆದ ಹಾಗೆ ಕಾಣುತ್ತೆ. ನನ್ನ ಹೊಲಿಗೆಯಲ್ಲಿ ಅವ್ವ ಮೊದಲ ಸಲ ಮೆಚ್ಚಿದ್ದು ಅದರ ಹಿಂದಿನ ಮಗ್ಗಲನ್ನ.

ಹೀಗೆ ಎರಡು ಮೂರು ವರ್ಷ ನಿಧಾನವಾಗಿ ನಡೀತು. ಕೊರೊನಾ ಸಮಯದಲ್ಲಿ ಮನೆಯಲ್ಲೇ ಕೂತ ಜನ, ಅದರಲ್ಲೂ ನಿಮ್ಮ ವಯಸ್ಸಿನವರು, ಸೂಜಿ ಹಿಡಿಯೋಕೆ ಶುರು ಮಾಡಿದರು. 2021ರಲ್ಲಿ ಒಂದು ದೊಡ್ಡ ಅಂಗಡಿಯಿಂದ 60 ಕ್ಯಾನ್ವಾಸ್‌ಗೆ ಕೇಳಿದರು. ಗೋಪುರ, ಆನೆ, ತೇರು ತಲಾ 20. ನಾನು ಅಂಗಡಿಗೆ ಒಂದಕ್ಕೆ 32 ಡಾಲರ್‌ಗೆ ಕೊಡ್ತಿದ್ದೆ, ಅವರು ಅದನ್ನ ದುಪ್ಪಟ್ಟಿಗೆ ಮಾರ್ತಾರೆ. 60 ಅಂದ್ರೆ 1,920 ಡಾಲರ್. ನನಗೆ ಆವರೆಗೆ ಬಂದ ಅತಿ ದೊಡ್ಡ ಆರ್ಡರ್.

ಒಂದೇ ಒಂದು ಷರತ್ತು. ಚೀಟಿಯ ಮೇಲೆ ಕಸೂತಿ ಕ್ಯಾನ್ವಾಸ್, ಭಾರತದ ಪ್ರಾಚೀನ ಕಲೆ ಅಂತ ಹಾಕ್ಬೇಕು. ಹೆಸರು ಚೆನ್ನಾಗಿದೆ, ಓಡುತ್ತೆ ಅಂದರು.

ನನಗೂ ಖುಷಿಯೇ ಆಯ್ತು. ಕಸೂತಿ ಅನ್ನೋ ಪದ ಅಮೆರಿಕದ ಅಂಗಡಿಯಲ್ಲಿ! ಅವ್ವನಿಗೆ ಹೇಳಿದೆ. ಅವಳು ಖುಷಿಪಡಲಿಲ್ಲ. "ಇದು ಕಸೂತಿ ಅಲ್ಲಲ್ಲ" ಅಂದಳು. ನಮೂನೆ ಕಸೂತಿದೇ ಅಲ್ವಾ ಅಂದೆ. "ನಮೂನಿ ಗ್ವಾಡಿ ಮ್ಯಾಲ ಬರದ್ರ ಗ್ವಾಡಿ ಕಸೂತಿ ಆಗತೈತೇನು? ಎಣಿಸಿ ಹಾಕಿದ್ರ ಕಸೂತಿ. ನೀನು ಬಣ್ಣಾ ಹಚ್ಚಿ ಕೊಡಾಕಿ, ಅವರು ಎಣಸೂದ ಇಲ್ಲ."

ನಾನು ವಾದ ಮಾಡಿದೆ. ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಲ್ಲಿ ಯಾರಿಗೆ ಗೊತ್ತಾಗುತ್ತೆ, ಹೆಸರು ಪ್ರಚಾರ ಆಗುತ್ತೆ, ನಿನ್ನಂಥವರಿಗೇ ಒಳ್ಳೇದು ಅಂತೆಲ್ಲ. ಅವ್ವ ಹೇಳಿದ ಕೊನೆಯ ಮಾತು, "ನನಗೇನು ಒಳ್ಳೇದಾತು? ಅವರು ನಿನ್ನ ಹತ್ರ ತಗೊಂಡ್ರ ನಮ್ಮ ಓಣ್ಯಾಗಿನ ಯಾರ ಕೈಗೆ ರೊಕ್ಕಾ ಬಂತು?"

ಆ ರಾತ್ರಿ ಓದಿದೆ. ಧಾರವಾಡದ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಕ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿದೆ. ಮೈಸೂರು ಪಾಕಿಗೋ ರೇಷ್ಮೆ ಸೀರೆಗೋ ಯಾರು ಬೇಕಾದರೂ ಏನು ಬೇಕಾದರೂ ಹೆಸರಿಟ್ಟು ಮಾರಿದರೆ ನಮಗೆ ಸಿಟ್ಟು ಬರುತ್ತಲ್ಲ? ಅಮೆರಿಕದಲ್ಲಿ ನನ್ನ ಮೇಲೆ ಯಾರೂ ಕೇಸು ಹಾಕ್ತಿರಲಿಲ್ಲ. ಪ್ರಶ್ನೆ ಅದಲ್ಲ. ಆ ಟ್ಯಾಗ್ ಇರೋದೇ ನಮ್ಮವ್ವನಂಥವರ ಕೂಲಿ ಉಳೀಲಿ ಅಂತ. ಅದೇ ಹೆಸರನ್ನ ಮಗಳೇ ತೆಗೆದು ಬಣ್ಣದ ಕ್ಯಾನ್ವಾಸ್‌ಗೆ ಅಂಟಿಸೋದು ಅಂದ್ರೆ?

ಅಂಗಡಿಯವರಿಗೆ ಬರೆದೆ. ಕಸೂತಿ ಅಂತ ಹಾಕಲ್ಲ. ಉತ್ತರ ಕರ್ನಾಟಕದ ಕಸೂತಿ ನಮೂನೆಗಳನ್ನ ನೋಡಿ ಬರೆದದ್ದು, ಇದು ಕಸೂತಿ ಅಲ್ಲ, ಕಸೂತಿಯನ್ನ ಬಟ್ಟೆಯ ಎಳೆ ಎಣಿಸಿ ಹಾಕ್ತಾರೆ ಅಂತ ಎರಡು ಸಾಲು ಹಾಕ್ತೀನಿ ಅಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಆದರೆ ಆರ್ಡರ್ 60ರಿಂದ 24ಕ್ಕೆ ಇಳೀತು. 1,152 ಡಾಲರ್ ಹೋಯ್ತು. ಬೇಜಾರಾಗಲಿಲ್ಲ ಅಂದ್ರೆ ಸುಳ್ಳು. ಒಂದು ವಾರ ಅವ್ವನಿಗೆ ಸರಿಯಾಗಿ ಫೋನ್ ಮಾಡಲಿಲ್ಲ.

ಆ ಎರಡು ಸಾಲಿನ ಚೀಟಿಯನ್ನ ಇವತ್ತಿಗೂ ಹಾಕ್ತೀನಿ. ಅದನ್ನ ಓದಿ ಒಂದಿಬ್ಬರು ನಿಜವಾದ ಕಸೂತಿ ಎಲ್ಲಿ ಸಿಗುತ್ತೆ ಅಂತ ಕೇಳಿ ಬರೆದಿದ್ದಾರೆ. ಅವ್ವನ ಓಣಿಯಲ್ಲಿ ಇನ್ನೂ ಹಾಕೋ ಇಬ್ಬರಿಂದ ಒಟ್ಟು ಏಳು ಸೀರೆ, ನಾಲ್ಕು ದುಪಟ್ಟಾ ತರಿಸಿ ಕೊಟ್ಟಿದ್ದೀನಿ. ಅವರು ಕೇಳಿದ ಕೂಲಿ ಅವರಿಗೆ. ಬರೀ ಏಳು ಸೀರೆ. ಅದರಿಂದ ಯಾರ ಜೀವನವೂ ಬದಲಾಗಿಲ್ಲ, ಲೆಕ್ಕ ಹೇಳಿದೆ ಅಷ್ಟೇ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ.

ಅವ್ವನಿಗೆ ಈಗ ಕಸೂತಿ ಹಾಕೋಕೆ ಆಗಲ್ಲ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯ್ತು. ಆದರೂ ಇಳಕಲ್ ಸೀರೆಯ ಎಳೆ, ಅದೂ ಕಪ್ಪು ಸೀರೆ, ಕಾಣೋದಿಲ್ಲ. ಸುಮ್ಮನೆ ಕೂರೋದು ಅಭ್ಯಾಸ ಇಲ್ಲ. ಟಿವಿ ಮುಂದೆ ಕೂತರೂ ಬೆರಳು ಸೀರೆಯ ಅಂಚನ್ನ ಎಣಿಸ್ತಾ ಇರುತ್ತೆ. 2023ರಲ್ಲಿ ಊರಿಗೆ ಹೋದಾಗ 10ರ ಕ್ಯಾನ್ವಾಸ್ ಮೇಲೆ ನನ್ನ ಗೋಪುರವನ್ನ ಬಣ್ಣ ಹಾಕಿ ತಗೊಂಡು ಹೋದೆ. ಇಂಚಿಗೆ ಹತ್ತೇ ಎಳೆ, ದೊಡ್ಡ ದೊಡ್ಡ ತೂತು. ಮೊಂಡು ತುದಿಯ ಸೂಜಿ, ಉಣ್ಣೆಯ ದಾರ. "ಇದು ಸಣ್ಣ ಹುಡುಗರದ್ದು" ಅಂತ ಮೂಲೆಯಲ್ಲಿ ಇಟ್ಟಳು. ನಾನೂ ಒತ್ತಾಯ ಮಾಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ನೋಡಿದರೆ, ಬಾಗಿಲ ಹತ್ತಿರ ಅದೇ ಜಾಗದಲ್ಲಿ ಚಾಪೆ. ಸೂಜಿಗೆ ದಾರ ಪೋಣಿಸಿಕೊಡು ಅಂತ ನನ್ನ ಮಗಳನ್ನ ಕರೀತಿದ್ದಳು.

ನಾನು ವಾಪಸ್ ಹೊರಡೋ ಹಿಂದಿನ ದಿನ ಮುಗಿಸಿ ಕೈಗೆ ಕೊಟ್ಟಳು. ಈ ಸಲ ನಾನು ಮೊದಲು ತಿರುಗಿಸಿ ನೋಡಿದೆ. ಒಂದು ಗಂಟಿಲ್ಲ. ಆಮೇಲೆ ಮುಂದೆ ನೋಡಿದರೆ, ಗೋಪುರದ ಬಲಗಡೆ ಬುಡದಲ್ಲಿ ನನ್ನ ಕೆಂಪು ಬಣ್ಣ ಇದ್ದ ಕಡೆ ಅವಳು ಕಪ್ಪು ದಾರ ಹಾಕಿದ್ದಳು. ಬುಡದ ಸಾಲಿನ ಕೊನೆಯ ಮನೆ. ಕಣ್ಣು ಕಾಣದೆ ತಪ್ಪಿರಬೇಕು ಅಂದ್ಕೊಂಡು ಏನೂ ಹೇಳಬಾರದು ಅಂತ ಸುಮ್ಮನಾದೆ.

ಅವಳೇ ಹೇಳಿದಳು. "ನಡುವಿನ ಸಾಲು ಬಿಟ್ಟು ಎಣಸು. ಎಡಕ್ಕ ಎಷ್ಟು? ಬಲಕ್ಕ ಎಷ್ಟು?"

ಎಣಿಸಿದೆ. ನನ್ನ ಬಣ್ಣದಲ್ಲಿ ಎಡಕ್ಕೆ 22, ಬಲಕ್ಕೆ 23. ಒಂದು ಮನೆ ಹೆಚ್ಚು. ಓಡಿಹೋಗಿ ಫೋನ್‌ನಲ್ಲಿದ್ದ ಮೂಲ ಗ್ರಾಫ್ ತೆಗೆದು ನೋಡಿದೆ. ಅದರಲ್ಲೇ ತಪ್ಪಿತ್ತು. ಅಂದ್ರೆ ನಾನು ಅಲ್ಲಿಯವರೆಗೆ ಮಾರಿದ ಪ್ರತಿ ಗೋಪುರದಲ್ಲೂ. ನೂರಕ್ಕೂ ಹೆಚ್ಚು. ನಾನೇ ಹೊಲಿದು ನೋಡಿದ್ದೆ, ಅಷ್ಟು ಜನ ಹೊಲಿದಿದ್ದರು, ಅಂಗಡಿಯವರು ನೋಡಿದ್ದರು. ಯಾರೂ ಎಣಿಸಿರಲಿಲ್ಲ. ಬಣ್ಣ ಇತ್ತಲ್ಲ, ಎಣಿಸೋದು ಯಾಕೆ?

"ನಿನ್ನ ಬಣ್ಣದ ಮ್ಯಾಲ ನಾ ಹೋಗಲಿಲ್ಲವಾ, ಎಣಿಸಿ ಹಾಕೀನಿ" ಅಂದಳು ಅವ್ವ.

ವಾಪಸ್ ಬಂದು ಗ್ರಾಫ್ ತಿದ್ದಿದೆ. ಅಂಗಡಿಗಳಿಗೆಲ್ಲ ಬರೆದು ತಪ್ಪು ಎಲ್ಲಿದೆ, ಹೇಗೆ ಸರಿಮಾಡಬಹುದು ಅಂತ ಹೇಳಿದೆ. ಒಬ್ಬರು, ನಮಗೆ ಗೊತ್ತೇ ಆಗಿರಲಿಲ್ಲ, ಯಾಕೆ ಹೇಳೋಕೆ ಹೋದ್ರಿ ಅಂತ ಉತ್ತರ ಬರೆದರು.

ಕೇಳ್ತಾ ಇರೋ ನಿಮ್ಮಲ್ಲಿ ಯಾರಿಗಾದರೂ ಕೈ ತುರಿಸ್ತಾ ಇದ್ದರೆ, ಕ್ಯಾನ್ವಾಸ್ ಹುಡುಕಿಕೊಂಡು ದುಬಾರಿ ಬೆಲೆ ಕೊಡಬೇಡಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಅಂತ ಕೇಳಿ, ಅರ್ಧ ಮೀಟರ್ ಸಾಕು. ಎರಡು ಬಣ್ಣದ ದಾರ, ಒಂದು ಮೊಂಡು ಸೂಜಿ, ಸ್ಕೂಲಿನ ಹಳೇ ಗ್ರಾಫ್ ಪುಸ್ತಕ. ನಡುವಿನ ಸಾಲಿಗೆ ಗುರುತು ಹಾಕಿ ಶುರು ಮಾಡಿ. ಮನೆಯಲ್ಲಿ ಅಜ್ಜಿ, ಅವ್ವ, ದೊಡ್ಡವ್ವ ಯಾರಾದರೂ ಹೊಲಿಗೆ ಬಲ್ಲವರಿದ್ದರೆ ಮುಗಿದ ಮೇಲೆ ತೋರಿಸಿ. ಅವರು ತಿರುಗಿಸಿ ನೋಡಿದರೆ ಬೇಜಾರು ಮಾಡ್ಕೋಬೇಡಿ.

ಅವ್ವ ಹೊಲಿದ ಗೋಪುರ ನನ್ನ ಮೇಜಿನ ಎದುರಿನ ಗೋಡೆ ಮೇಲಿದೆ. ಗಾಜು ಹಾಕಿಸಿದ್ದೀನಿ, ಮುಂದೂ ಹಿಂದೂ ಎರಡೂ ಕಡೆ, ಯಾರು ಬೇಕಾದರೂ ಗೋಡೆಯಿಂದ ತೆಗೆದು ತಿರುಗಿಸಿ ನೋಡಬಹುದು.